ಯಾವ ಅರ್ಜಿ? ಅದರ ನಂಬರೇನು?



ಕಾಚಿಗುಡದಲ್ಲಾಗಲಿ, ಸುಲ್ತಾನ್ ಬಜಾರಿನಲ್ಲಾಗಲಿ, ಸಿಕಂದರಾಬಾದಿನಲ್ಲಾಗಲಿ, ಕನ್ನಡದ ಹೋಟೆಲು ಕಾರ್ಮಿಕರು, ಗಿರಣಿ ಕಾರ್ಮಿಕರು ನಾಲ್ಕು ಜನ ಸೇರಿದಲ್ಲಿ ತಪ್ಪದೆ ಕಿವಿಗೆ ಬೀಳುವ ಮಾತೊಂದಿದೆ: "ಕೋರ್ಟಿಗೆ ಅರ್ಜಿ ಹಾಕಿದ್ದೇವೆ, ಇನ್ನೇನು ಆಗಿಬಿಡುತ್ತದೆ." ಬಾಡಿಗೆ ಕೋಣೆಯ ತಕರಾರಿರಲಿ, ಕೈಗಡ ಕೊಟ್ಟ ಹಣ ವಾಪಸು ಬಾರದಿರಲಿ, ತೀರಿಹೋದ ಅಣ್ಣನ ಬ್ಯಾಂಕಿನ ಹಣ ಅತ್ತಿಗೆಯ ಕೈಗೆ ಸಿಕ್ಕದಿರಲಿ, ಎಲ್ಲಕ್ಕೂ ಇದೊಂದೇ ಉತ್ತರ. ಹೇಳುವವನ ಮುಖದಲ್ಲಿ ಅರ್ಧ ಗೆದ್ದ ಸಮಾಧಾನ.

ನಾವು ಅಂಥವರನ್ನು ಕೇಳುವುದು ಎರಡೇ ಪ್ರಶ್ನೆ. ಯಾವ ಅರ್ಜಿ? ಅದರ ನಂಬರೇನು? ಬಹುಮಂದಿ ತಲೆ ಕೆರೆದುಕೊಂಡು, "ಅದೆಲ್ಲ ಗುಮಾಸ್ತರಿಗೆ ಗೊತ್ತು" ಎನ್ನುತ್ತಾರೆ. ಹೋಟೆಲಿನಲ್ಲಿ ಒಂದು ಕಾಫಿಯ ಬಿಲ್ಲನ್ನು ನಾಲ್ಕು ಸಲ ನೋಡಿ ಗಲ್ಲೆಗೆ ಕೊಡುವ ಜನ ನಾವು. ಜೀವಮಾನದ ಗಳಿಕೆಯ ಕಾಗದವನ್ನು ಮಾತ್ರ ಕಣ್ಣೆತ್ತಿಯೂ ನೋಡದೆ ಅನ್ಯರ ಚೀಲಕ್ಕೆ ಹಾಕುತ್ತೇವೆಂದರೆ ಅದನ್ನು ನಂಬಿಕೆ ಎನ್ನಬೇಕೋ ಕುರುಡು ಎನ್ನಬೇಕೋ?

ಕೋರ್ಟಿನಲ್ಲಿ ಕಾಗದಗಳು ಎರಡು ಜಾತಿ. ತನ್ನ ಕಾಲ ಮೇಲೆ ತಾನೇ ನಿಲ್ಲುವ ಕಾಗದ ಒಂದು; ಇನ್ನೊಂದರ ಹೆಗಲ ಮೇಲೆ ಕೈಯಿಟ್ಟು ನಿಲ್ಲುವ ಕಾಗದ ಇನ್ನೊಂದು. ಈ ಭೇದವನ್ನು ತಿಳಿಯದ ಕಾರ್ಮಿಕ ದಲ್ಲಾಳಿಯ ಬಾಯಿಗೆ ತುತ್ತು. ಆದಕಾರಣ ಈ ಸಂಚಿಕೆಯಲ್ಲಿ ಇದನ್ನೇ ಬಿಡಿಸಿ ಹೇಳಬೇಕೆಂದು ನಿಶ್ಚಯಿಸಿದ್ದೇವೆ.

ಮಾತಿನಲ್ಲೇ ಇರುವ ತೊಡಕು

ನಮ್ಮ ಕನ್ನಡದಲ್ಲಿ ಸರಕಾರದ ಕೈಗೆ ಕೊಟ್ಟ ಕಾಗದವೆಲ್ಲ ಅರ್ಜಿಯೇ. ನೌಕರಿಗೆ ಅರ್ಜಿ, ರೇಷನ್ ಕಾರ್ಡಿಗೆ ಅರ್ಜಿ, ರಜೆಗೆ ಅರ್ಜಿ, ಕೋರ್ಟಿಗೂ ಅರ್ಜಿ. ಪಾರಸಿ, ಉರ್ದುಗಳ ದಾರಿಯಿಂದ ನಮ್ಮ ಕಚೇರಿಗಳಿಗೆ ಬಂದ ಮಾತಿದು. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯದಲ್ಲೇ ಇದ್ದವಷ್ಟೆ. ನಿಜಾಮರ ಕಾಲದಲ್ಲಿ ಕೋರ್ಟಿನ ಭಾಷೆ ಉರ್ದು. ಅದರಲ್ಲಿ ದಾವೆ ಹೂಡುವ ಕಾಗದಕ್ಕೆ ಅರ್ಜಿ-ದಾವಾ ಎಂದೂ, ನಡುವೆ ಏನಾದರೂ ಬೇಡುವ ಕಾಗದಕ್ಕೆ ದರಖಾಸ್ತು ಎಂದೂ ಬೇರೆಬೇರೆ ಹೆಸರಿತ್ತು. ಅತ್ತ ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲಿ ದರಖಾಸ್ತು ಎಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಕಾಗದ. ಒಂದೇ ಮಾತಿಗೆ ಊರೂರಿಗೆ ಬೇರೆ ಅರ್ಥ. ಕುಂದಾಪುರದಿಂದ ಬಂದವನು ಒಂದು ತಿಳಿಯುತ್ತಾನೆ, ಬೀದರದಿಂದ ಬಂದವನು ಇನ್ನೊಂದು ತಿಳಿಯುತ್ತಾನೆ, ಕೋರ್ಟಿನ ಬಾಗಿಲಲ್ಲಿ ನಿಂತ ದಲ್ಲಾಳಿ ತನಗೆ ಲಾಭವಾದುದನ್ನು ತಿಳಿಸುತ್ತಾನೆ.

ಇಂಗ್ಲಿಷಿನ ‘ಪಿಟಿಷನ್’ ಎಂಬ ಮಾತಿನ ಕಥೆ ಇನ್ನೂ ಹಳೆಯದು. ಅದು ದೊರೆಯ ಮುಂದೆ ಬಾಗಿ ಮಾಡುವ ಬಿನ್ನಹ. ಇಂಗ್ಲೆಂಡಿನಲ್ಲಿ ದೊರೆಯ ಸರಕಾರದ ಮೇಲೆ ಪ್ರಜೆ ನೇರವಾಗಿ ದಾವೆ ಹೂಡುವಂತಿರಲಿಲ್ಲ. ಮೊದಲು ಬಿನ್ನಹ ಪತ್ರ ಕೊಟ್ಟು ಅಪ್ಪಣೆ ಪಡೆಯಬೇಕಿತ್ತು. ಈ ಪದ್ಧತಿ ಹೋದದ್ದು 1947ರ ಕ್ರೌನ್ ಪ್ರೊಸೀಡಿಂಗ್ಸ್ ಕಾಯಿದೆಯಿಂದ. ಆ ಬಾಗುವಿಕೆಯ ವಾಸನೆ ಇಂದಿಗೂ ನಮ್ಮ ಕೋರ್ಟಿನ ಕಾಗದಗಳಲ್ಲಿ ಉಳಿದಿದೆ. ಕೊನೆಯಲ್ಲಿ ‘ಪ್ರಾರ್ಥನೆ’ ಎಂದು ಬರೆಯುತ್ತಾರೆ, ‘ವಿನಮ್ರವಾಗಿ’ ಎಂದು ಬರೆಯುತ್ತಾರೆ.

ಬಂಧುಗಳೇ, ಆ ಮಾತುಗಳಿಗೆ ಮರುಳಾಗಬೇಡಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಕಲಮನ್ನು ನೋಡಿ. ಕಾಯಿದೆ ನಿಷೇಧಿಸಿದ ವಿಷಯವೊಂದನ್ನು ಬಿಟ್ಟು ಸಿವಿಲ್ ಸ್ವರೂಪದ ಎಲ್ಲ ದಾವೆಗಳನ್ನೂ ಕೋರ್ಟು ವಿಚಾರಿಸತಕ್ಕದ್ದು ಎಂದು ಅದು ಹೇಳುತ್ತದೆ. ‘ವಿಚಾರಿಸಬಹುದು’ ಎಂದಿಲ್ಲ, ‘ವಿಚಾರಿಸತಕ್ಕದ್ದು’ ಎಂದಿದೆ. ಮಂತ್ರಿಗೆ ಕೊಟ್ಟ ಮನವಿಯನ್ನು ಮಂತ್ರಿ ಬುಟ್ಟಿಗೆ ಎಸೆಯಬಹುದು. ಕ್ರಮವಾಗಿ ಹೂಡಿದ ದಾವೆಯನ್ನು ನ್ಯಾಯಾಧೀಶ ಹಾಗೆ ಎಸೆಯುವಂತಿಲ್ಲ. ಕೊಡಲಿ, ಬಿಡಲಿ, ಕಾರಣ ಬರೆದು ತೀರ್ಪು ಹೇಳಬೇಕು. ಇದು ನಮ್ಮ ಹಕ್ಕು. ಹಕ್ಕನ್ನು ಭಿಕ್ಷೆಯೆಂದು ತಿಳಿದವನು ಮುಂದಿನ ಬಾಗಿಲಿಗೆ ಹೋಗುವುದನ್ನು ಬಿಟ್ಟು ಹಿತ್ತಲ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾನೆ.

ಹಾಸು ಯಾವುದು, ಹೊಕ್ಕು ಯಾವುದು?

ಗಿರಣಿಯ ಬಂಧುಗಳಿಗೆ ಇದನ್ನು ಹೇಳುವುದು ಸುಲಭ. ಮಗ್ಗದ ಮೇಲೆ ಮೊದಲು ಹಾಸು ಬೀಳಬೇಕು, ಆಮೇಲೆ ಹೊಕ್ಕು. ಹಾಸೇ ಇಲ್ಲದೆ ಲಾಳಿ ಇಡೀ ದಿನ ಓಡಿದರೂ ಒಂದು ಗೇಣು ಬಟ್ಟೆ ಹುಟ್ಟದು. ಹೋಟೆಲಿನ ಬಂಧುಗಳಿಗೆ ಇನ್ನೂ ಸುಲಭ. ಊಟದ ಚೀಟಿ ತೆಗೆದುಕೊಂಡು ಎಲೆಯ ಮುಂದೆ ಕುಳಿತವನು ಎರಡನೆಯ ಸಲ ಸಾಂಬಾರು ಕೇಳಬಹುದು. ಚೀಟಿಯೇ ಇಲ್ಲದೆ ಬಾಗಿಲಲ್ಲಿ ನಿಂತು "ಸಾಂಬಾರು ಹಾಕಿ" ಎಂದರೆ ಯಾರು ಹಾಕುತ್ತಾರೆ?

ಕೋರ್ಟಿನ ಊಟದ ಚೀಟಿ ಎಂದರೆ ಮೂಲ ಪ್ರಕರಣ. ಅದು ಎರಡು ಬಗೆಯಲ್ಲಿ ಹುಟ್ಟುತ್ತದೆ. ಹಣ ಬರಬೇಕು, ಕೋಣೆಯಿಂದ ಬಲಾತ್ಕಾರವಾಗಿ ಹೊರಹಾಕಬಾರದು, ಪಾಲು ಬೇಕು ಎಂಬಂಥ ವಿಷಯಗಳಿಗೆ ವಾದಪತ್ರ ಕೊಟ್ಟು ದಾವೆ ಹೂಡಬೇಕು. ಅದಕ್ಕೆ ಸಿಕ್ಕುವ ನಂಬರು ಓ.ಎಸ್., ಅಂದರೆ ಅಸಲು ದಾವೆ. ಇನ್ನು ಕೆಲವು ವಿಷಯಗಳನ್ನು ದಾವೆಯಾಗಿ ಹೂಡದೆ ಮೂಲ ಪಿಟಿಷನ್ನಾಗಿಯೇ ಕೊಡಬೇಕೆಂದು ಆಯಾ ಕಾಯಿದೆಗಳು ಹೇಳುತ್ತವೆ. ವಿವಾಹ ವಿಚ್ಛೇದನ, ಮಕ್ಕಳ ಪಾಲಕತ್ವ, ಸತ್ತವರ ಹಣ ಪಡೆಯುವ ಉತ್ತರಾಧಿಕಾರ ಪ್ರಮಾಣಪತ್ರ ಇಂಥವು. ಅದಕ್ಕೆ ಓ.ಪಿ. ನಂಬರು.

ಈ ಎರಡರಲ್ಲಿ ಒಂದು ಹುಟ್ಟಿದ ಮೇಲೆ, ಅದು ನಡೆಯುತ್ತಿರುವಾಗ, ನಡುವೆ ಬೇಡುವ ಕಾಗದವೇ ಮಧ್ಯಂತರ ಅರ್ಜಿ. ಅದರ ನಂಬರು ಐ.ಎ. ತಡೆಯಾಜ್ಞೆ ಬೇಕು, ವಾದಪತ್ರದಲ್ಲಿ ತಿದ್ದುಪಡಿ ಬೇಕು, ಸತ್ತ ವಾದಿಯ ಹೆಂಡತಿ ಮಕ್ಕಳ ಹೆಸರು ಸೇರಿಸಬೇಕು, ಇವೆಲ್ಲ ಐ.ಎ. ತೀರ್ಪು ಬಂದ ಮೇಲೆ ಎದುರಾಳಿ ಹಣ ಕೊಡದಿದ್ದರೆ ಜಾರಿಗೆ ಹಾಕುವುದು ಇ.ಪಿ. ಇದಕ್ಕೆ 12 ವರ್ಷಗಳ ಅವಧಿ ಇದೆ.

ಇದು ನಾವು ಕಟ್ಟಿದ ಮಾತಲ್ಲ. ಆಂಧ್ರ ಮತ್ತು ತೆಲಂಗಾಣದ ಸಿವಿಲ್ ಕೋರ್ಟುಗಳು ನಡೆಯುವ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ ಎಂಬ ನಿಯಮಾವಳಿಯಲ್ಲೇ ಇದೆ. ದಾವೆ, ಅಪೀಲು, ಜಾರಿ ಇವುಗಳ ಹೊರತಾದ ಯಾವುದೇ ಪ್ರಕರಣವನ್ನು ಹುಟ್ಟುಹಾಕುವ ಕಾಗದ ಮೂಲ ಪಿಟಿಷನ್. ಆಗಲೇ ಹುಟ್ಟಿರುವ ಪ್ರಕರಣದೊಳಗೆ ಕೊಡುವ ಕಾಗದ ಮಧ್ಯಂತರ ಅರ್ಜಿ. ಒಂದು ಹೆರುತ್ತದೆ, ಇನ್ನೊಂದು ಹುಟ್ಟಿದ ಮನೆಯಲ್ಲಿ ಕೆಲಸ ಮಾಡುತ್ತದೆ.

ಹೆಸರನ್ನು ನೋಡಬೇಡಿ, ನಂಬರನ್ನು ನೋಡಿ

ಇಲ್ಲೇ ನಮ್ಮವರು ಮೋಸಹೋಗುವುದು. ಹೈದರಾಬಾದಿನ ಕೋರ್ಟುಗಳಲ್ಲಿ ಮಧ್ಯಂತರ ಅರ್ಜಿಯ ನೆತ್ತಿಯ ಮೇಲೂ ‘ಪಿಟಿಷನ್’ ಎಂದೇ ಟೈಪು ಮಾಡಿರುತ್ತಾರೆ. ಕೊಟ್ಟವನು ಪಿಟಿಷನರ್, ಎದುರಿನವನು ರೆಸ್ಪಾಂಡೆಂಟ್. ಅದನ್ನು ನೋಡಿ, "ನಮ್ಮ ಪಿಟಿಷನ್ ಬಿತ್ತು" ಎಂದು ಕಾರ್ಮಿಕ ಮನೆಗೆ ಹೋಗಿ ನಿದ್ದೆ ಮಾಡುತ್ತಾನೆ.

ಕಾಯಿದೆಯ ಪುಸ್ತಕವೂ ಹೆಸರಿನ ವಿಷಯದಲ್ಲಿ ಅಷ್ಟೇನೂ ಕಟ್ಟುನಿಟ್ಟಾಗಿಲ್ಲ. 1925ರ ಭಾರತ ಉತ್ತರಾಧಿಕಾರ ಕಾಯಿದೆಯ 372ನೆಯ ಕಲಮು, ಪ್ರಮಾಣಪತ್ರಕ್ಕೆ ಜಿಲ್ಲಾ ನ್ಯಾಯಾಧೀಶರಲ್ಲಿ ಪಿಟಿಷನ್ನಿನ ಮೂಲಕ ಅಪ್ಲಿಕೇಶನ್ ಮಾಡಬೇಕು ಎನ್ನುತ್ತದೆ. ಒಂದೇ ವಾಕ್ಯದಲ್ಲಿ ಎರಡೂ ಮಾತು! ಬೇಡುವ ಕೆಲಸ ಅಪ್ಲಿಕೇಶನ್, ಬೇಡಿದ ಕಾಗದ ಪಿಟಿಷನ್. ಮೋಟಾರು ಅಪಘಾತದ ಪರಿಹಾರಕ್ಕೆ 1988ರ ಮೋಟಾರು ವಾಹನ ಕಾಯಿದೆ ‘ಅಪ್ಲಿಕೇಶನ್’ ಎಂದು ಹೆಸರಿಟ್ಟಿದೆ. ಇಲ್ಲಿನ ನ್ಯಾಯಮಂಡಳಿಯಲ್ಲಿ ಅದಕ್ಕೆ ಬೀಳುವ ನಂಬರು ಎಂ.ವಿ.ಓ.ಪಿ., ಅಂದರೆ ಮೂಲ ಪಿಟಿಷನ್. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ವಿಚ್ಛೇದನ ಕೇಳುವುದು ಪಿಟಿಷನ್. ಅದು ನಡೆಯುತ್ತಿರುವಾಗ 24ನೆಯ ಕಲಮಿನ ಪ್ರಕಾರ ಜೀವನಾಂಶ ಕೇಳುವುದು ಅರ್ಜಿ.

ಹೀಗಿರುವಾಗ ಓದು ಬರಹ ಕಡಿಮೆಯಿರುವ ನಾವು ಏನನ್ನು ಹಿಡಿದುಕೊಳ್ಳಬೇಕು? ಒಂದು ಸಣ್ಣ ಮಾತನ್ನು ಹಿಡಿದುಕೊಳ್ಳಿ, ಸಾಕು. ಐ.ಎ. ಕಾಗದದ ಮೇಲೆ "ಐ.ಎ. ನಂಬರು ಇಷ್ಟು, ಇನ್, ಓ.ಎಸ್. ನಂಬರು ಇಷ್ಟು" ಎಂದಿರುತ್ತದೆ. ಆ ‘ಇನ್’ ಎಂಬ ಎರಡಕ್ಷರವೇ ಕೀಲಿಕೈ. ಇಂಥದರ ‘ಒಳಗೆ’ ಎಂದು ಅದರ ಅರ್ಥ. ‘ಇನ್’ ಇದ್ದರೆ ಆ ಕಾಗದ ಇನ್ನೊಂದರ ಹೆಗಲ ಮೇಲಿದೆ. ಆ ಇನ್ನೊಂದು ಬದುಕಿದೆಯೇ, ಅದರ ಮುಂದಿನ ವಾಯಿದೆ ಎಂದು ಎಂಬುದನ್ನು ಕೂಡಲೇ ವಿಚಾರಿಸಿ.

ತಿಳಿಯದಿದ್ದರೆ ಆಗುವ ನಷ್ಟ

ನಮ್ಮ ಸಂಘದ ಕೋಣೆಗೆ ಬಂದ ಒಬ್ಬ ಅಡಿಗೆ ಭಟ್ಟರ ಸಂಗತಿ ಕೇಳಿ. ಹೋಟೆಲಿನ ಪಾಲುದಾರನೊಬ್ಬ ಎರಡನೆಯ ಹೋಟೆಲು ತೆರೆಯುವಾಗ ಭಟ್ಟರ ಹತ್ತು ವರ್ಷದ ಉಳಿತಾಯವನ್ನು ಕೈಗಡವಾಗಿ ಪಡೆದಿದ್ದ. ಚೀಟಿಯನ್ನೂ ಬರೆದುಕೊಟ್ಟಿದ್ದ. ಹಣ ವಾಪಸು ಬರಲಿಲ್ಲ. ಒಬ್ಬ ದಲ್ಲಾಳಿ ಮೂರು ಪುಟದ ‘ಪಿಟಿಷನ್’ ಟೈಪು ಮಾಡಿಸಿ, ಕಮಿಷನರಿಗೆ ಒಂದು ಪ್ರತಿ, ಕಲೆಕ್ಟರಿಗೆ ಒಂದು ಪ್ರತಿ, ಮುಖ್ಯಮಂತ್ರಿಗೆ ಒಂದು ಪ್ರತಿ, ಹೀಗೆ ಎಂಟು ಕಡೆಗೆ ರಿಜಿಸ್ಟರ್ ಮಾಡಿಸಿದ. ಎಂಟು ಸ್ವೀಕೃತಿ ಚೀಟಿಗಳೂ ಬಂದವು. ಭಟ್ಟರು ಅವನ್ನು ದೇವರ ಪಟದ ಹಿಂದೆ ಜೋಪಾನವಾಗಿಟ್ಟರು. ಚೀಟಿಗಳು ಅಲ್ಲಿದ್ದಂತೆಯೇ ಮೂರು ವರ್ಷ ಕಳೆಯಿತು.

ಸಾಲ ಕೊಟ್ಟ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆ ಕೊಟ್ಟಿರುವುದು ಮೂರೇ ವರ್ಷ. ಎಂಟಲ್ಲ, ಎಂಬತ್ತು ಕಚೇರಿಗೆ ಮನವಿ ಕಳಿಸಿದರೂ ಆ ಗಡಿಯಾರ ನಿಲ್ಲದು. ಅವಧಿ ಮೀರಿದ ದಾವೆಯನ್ನು, ಎದುರಾಳಿ ತಕರಾರು ಎತ್ತದಿದ್ದರೂ, ಕೋರ್ಟು ತಾನಾಗಿಯೇ ವಜಾ ಮಾಡಬೇಕೆಂದು ಆ ಕಾಯಿದೆಯ 3ನೆಯ ಕಲಮು ಹೇಳುತ್ತದೆ. ಮೂರು ವರ್ಷ ಮುಗಿಯುವುದರೊಳಗೆ ಆ ಪಾಲುದಾರನಿಂದ "ಹಣ ಕೊಡಬೇಕಾಗಿದೆ" ಎಂದು ಸಹಿ ಸಹಿತ ಒಂದು ಸಾಲು ಬರೆಸಿಕೊಂಡಿದ್ದರೂ 18ನೆಯ ಕಲಮಿನಂತೆ ಅವಧಿ ಹೊಸದಾಗಿ ಶುರುವಾಗುತ್ತಿತ್ತು. ಎಂಟು ಸ್ವೀಕೃತಿ ಚೀಟಿಗಿಂತ ಆ ಒಂದು ಸಾಲಿಗೆ ಬೆಲೆ ಹೆಚ್ಚು.

ಇಲ್ಲೊಂದು ಸೂಕ್ಷ್ಮವಿದೆ, ಮನಸ್ಸಿಟ್ಟು ಓದಿ. ಅಪೀಲಿಗಾಗಲಿ, ಜಾರಿಯ ಹೊರತಾದ ಅರ್ಜಿಗಾಗಲಿ ತಡವಾದರೆ, ಸಾಕಷ್ಟು ಕಾರಣ ತೋರಿಸಿದವರಿಗೆ ಕೋರ್ಟು ಆ ತಡವನ್ನು ಮನ್ನಿಸಬಹುದೆಂದು 5ನೆಯ ಕಲಮಿನಲ್ಲಿದೆ. ಅಸಲು ದಾವೆಗೆ ಈ ಮನ್ನಣೆಯೇ ಇಲ್ಲ. ಅಪ್ರಾಪ್ತ ವಯಸ್ಸಿನವರು ಮುಂತಾದವರಿಗೆ ಬೇರೆ ವಿನಾಯಿತಿಗಳುಂಟು. ಆದರೆ "ಕಾಯಿಲೆಯಾಗಿತ್ತು, ಊರಿಗೆ ಹೋಗಿದ್ದೆ, ತಿಳಿದಿರಲಿಲ್ಲ" ಎಂದು ಹೇಳಿ ದಾವೆಯ ಅವಧಿಯನ್ನು ಒಂದು ದಿನವೂ ಹಿಗ್ಗಿಸಲಾಗದು. ಅರ್ಜಿ ತಡವಾದರೆ ಬಾಗಿಲು ಅರೆ ಮುಚ್ಚಿರುತ್ತದೆ. ದಾವೆ ತಡವಾದರೆ ಬಾಗಿಲಿಗೆ ಬೀಗ. ಪಿಟಿಷನ್ನೋ ಅಪ್ಲಿಕೇಶನ್ನೋ ಯಾವುದಾದರೇನು ಎನ್ನುವವರು ಈ ಬೀಗವನ್ನೊಮ್ಮೆ ಮುಟ್ಟಿ ನೋಡಲಿ.

ಇನ್ನೊಂದು ಬಗೆಯ ನಷ್ಟ ನೋಡಿ. ಮನೆಯ ಮಾಲೀಕ ಕೋಣೆಗೆ ಬೀಗ ಜಡಿಯಲು ಬರುತ್ತಾನೆ. ಕಾರ್ಮಿಕರು ಓಡಿಹೋಗಿ ದಾವೆ ಹೂಡಿ, ಜೊತೆಗೆ 39ನೆಯ ಆದೇಶದಂತೆ ಅರ್ಜಿ ಕೊಟ್ಟು ತಡೆಯಾಜ್ಞೆ ತರುತ್ತಾರೆ. ಆ ಸಂಜೆ ಕೋಣೆಯಲ್ಲಿ ಸಿಹಿ ಹಂಚುತ್ತಾರೆ. ಅಲ್ಲಿಗೆ ಮುಗಿಯಿತೆಂದು ತಿಳಿದು ವಾಯಿದೆಗೆ ಹೋಗುವುದನ್ನೇ ಬಿಡುತ್ತಾರೆ. ತಡೆಯಾಜ್ಞೆ ಎಂದರೆ ಐ.ಎ.ಯಲ್ಲಿ ಸಿಕ್ಕಿದ ತಾತ್ಕಾಲಿಕ ನೆರಳು, ಮರ ಓ.ಎಸ್. ಎದುರಾಳಿಗೆ ನೋಟೀಸಿಲ್ಲದೆ ಸಿಕ್ಕಿದ ಆಜ್ಞೆಯಾದರಂತೂ ಅರ್ಜಿಯ ಪ್ರತಿಯನ್ನು ಕೂಡಲೇ ಅವನಿಗೆ ಕಳಿಸಿ, ಕಳಿಸಿದ್ದಕ್ಕೆ ಕೋರ್ಟಿಗೆ ಪ್ರಮಾಣಪತ್ರ ಕೊಡಬೇಕು. ಅಂಥ ಅರ್ಜಿಯನ್ನು 30 ದಿನದಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕೋರ್ಟಿಗೂ ನಿಯಮವಿದೆ. ಇದೆಲ್ಲ ಬಿಟ್ಟು ದಾವೆ ಗೈರುಹಾಜರಿಯಲ್ಲಿ ವಜಾ ಆದರೆ ನೆರಳೂ ಅದರೊಡನೆ ಹೋಯಿತು. ಅದೇ ಕಾರಣಕ್ಕೆ ಹೊಸ ದಾವೆ ಹೂಡಲು 9ನೆಯ ಆದೇಶದ 9ನೆಯ ನಿಯಮ ಅಡ್ಡ ಬರುತ್ತದೆ. ವಜಾ ಆದ ದಿನದಿಂದ 30 ದಿನದೊಳಗೆ ದಾವೆಯನ್ನು ಮತ್ತೆ ಎತ್ತಿಕೊಳ್ಳಲು ಅರ್ಜಿ ಹಾಕುವುದೇ ಉಳಿದ ದಾರಿ.

ಅರ್ಜಿಯೆಂದರೆ ಹಗುರವಲ್ಲ

ಮೇಲಿನ ಮಾತು ಕೇಳಿ, ಹಾಗಾದರೆ ಐ.ಎ. ಎಂಬುದು ಕೆಲಸಕ್ಕೆ ಬಾರದ ಕಾಗದವೆಂದು ಯಾರೂ ತಿಳಿಯಬಾರದು. ಹೊಕ್ಕಿಲ್ಲದ ಹಾಸೂ ಬಟ್ಟೆಯಲ್ಲ. ದಾವೆ ತೀರುವುದಕ್ಕೆ ವರ್ಷಗಳು ಬೇಕು. ಆ ವರ್ಷಗಳಲ್ಲಿ ಕಾರ್ಮಿಕನನ್ನು ಕೋಣೆಯಲ್ಲಿ ಉಳಿಸುವುದು ಐ.ಎ.ಯೇ. ತಡೆಯಾಜ್ಞೆಯನ್ನು ಮೀರಿದ ಎದುರಾಳಿಯ ಆಸ್ತಿಯನ್ನು ಜಪ್ತಿ ಮಾಡಬಹುದು, ಅವನನ್ನು ಮೂರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು.

ನಮ್ಮ ಮೇಲೆಯೇ ಯಾರಾದರೂ ದಾವೆ ಹೂಡಿ, ನಾವು ಹಾಜರಾಗದೆ ಏಕಪಕ್ಷೀಯ ಡಿಕ್ರಿಯಾದರೆ ಅದನ್ನು ತೆಗೆಸುವುದಕ್ಕೂ 30 ದಿನದೊಳಗಿನ ಅರ್ಜಿಯೇ ಬೇಕು. ಸಮನ್ಸು ಕ್ರಮವಾಗಿ ಮುಟ್ಟದಿದ್ದರೆ ಡಿಕ್ರಿ ತಿಳಿದ ದಿನದಿಂದ ಆ 30 ದಿನದ ಎಣಿಕೆ. ದಾವೆ ನಡೆಯುವಾಗ ವಾದಿಯೋ ಪ್ರತಿವಾದಿಯೋ ಸತ್ತರೆ ವಾರಸುದಾರರನ್ನು ಸೇರಿಸಲು 90 ದಿನ. ಬಿಟ್ಟರೆ ದಾವೆ ತಾನಾಗಿಯೇ ಬಿದ್ದುಹೋಗುತ್ತದೆ. ಅದನ್ನು ಎತ್ತಲು ಮುಂದೆ 60 ದಿನ.

ದಲ್ಲಾಳಿಯ ಮತ್ತೊಂದು ಆಟವಿದೆ. ಸಮನ್ಸು ಬಂದಾಗ ಉತ್ತರವಾಗಿ ಕೊಡಬೇಕಾದುದು ಪ್ರತಿವಾದಪತ್ರ. ಅದಕ್ಕೆ 30 ದಿನ, ಕಾರಣವಿದ್ದರೆ 90 ದಿನದವರೆಗೆ. ಇವನು ಅದನ್ನು ಬರೆಸುವುದಿಲ್ಲ; ವಾಯಿದೆ ಕೇಳುವ ಒಂದು ಅರ್ಜಿ ಹಾಕಿಸಿ, "ನಿಮ್ಮ ಪಿಟಿಷನ್ ಹಾಕಿದ್ದೇನೆ, ಇಷ್ಟು ಕೊಡಿ" ಎಂದು ಕೈಯೊಡ್ಡುತ್ತಾನೆ. ವಾಯಿದೆ ಕೇಳಿದ ಕಾಗದ ಉತ್ತರವಾಗುವುದಿಲ್ಲ. "ಅಡಿಗೆ ತಡವಾಗುತ್ತದೆ" ಎಂದು ಬೋರ್ಡು ಹಾಕಿದರೆ ಗಿರಾಕಿಯ ಹೊಟ್ಟೆ ತುಂಬುತ್ತದೆಯೇ?

ನಮ್ಮನ್ನು ವಿರೋಧಿಸುವವರಿಗೆ

"ಇದೆಲ್ಲ ವಕೀಲರ ಕೆಲಸ, ತಟ್ಟೆ ಎತ್ತುವವರಿಗೆ ಯಾಕೆ?" ಎಂದು ಕೇಳುವ ದೊಡ್ಡವರಿದ್ದಾರೆ. ದೋಸೆ ಹುಯ್ಯುವುದು ಭಟ್ಟರ ಕೆಲಸವೇ ಹೌದು. ಆದರೆ ಮಸಾಲೆ ದೋಸೆ ಕೇಳಿದವನಿಗೆ ಸಾದಾ ದೋಸೆ ಬಂದರೆ ಗುರುತಿಸುವಷ್ಟು ತಿಳುವಳಿಕೆ ತಿನ್ನುವವನಿಗೆ ಬೇಡವೇ? ಅಲ್ಲದೆ ವಾದಪತ್ರದ ಕೊನೆಯಲ್ಲಿ "ಇದರಲ್ಲಿರುವುದು ಸತ್ಯ" ಎಂದು ಸಹಿ ಹಾಕುವವರು ನಾವು, ಪ್ರಮಾಣ ಮಾಡುವವರೂ ನಾವು. ತಿಳಿಯದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಅದರಲ್ಲಿ ಸುಳ್ಳಿದ್ದರೆ ಉತ್ತರ ಕೊಡಬೇಕಾದವರೂ ನಾವೇ.

"ಕೋರ್ಟು ಕಾಗದದ ಹೆಸರನ್ನು ನೋಡುವುದಿಲ್ಲ, ತಿರುಳನ್ನು ನೋಡುತ್ತದೆ" ಎನ್ನುವ ತಿಳಿದವರೂ ಇದ್ದಾರೆ. ಇದರಲ್ಲಿ ಸತ್ಯವಿದೆ. 1955ರಲ್ಲೇ ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಕ್ರಿಯೆಯ ನಿಯಮಗಳಿರುವುದು ನ್ಯಾಯಕ್ಕೆ ನೆರವಾಗಲು, ಜನರನ್ನು ಎಡವಿಸಿ ಬೀಳಿಸಲು ಅಲ್ಲ ಎಂಬ ಅರ್ಥದ ಮಾತು ಹೇಳಿತು. 2005ರ ಕೈಲಾಶ್ ಮತ್ತು ನನ್ಹಕು ಪ್ರಕರಣದಲ್ಲಿ ಪ್ರತಿವಾದಪತ್ರದ 90 ದಿನದ ಗಡುವನ್ನೂ ಕಬ್ಬಿಣದ ಗೆರೆಯೆಂದು ತಿಳಿಯಬೇಕಿಲ್ಲವೆಂದಿತು. ಅರ್ಜಿಯಲ್ಲಿ ಕಲಮಿನ ನಂಬರು ತಪ್ಪಾಗಿದ್ದರೆ ಕೋರ್ಟು ಕ್ಷಮಿಸೀತು. ವಾದಪತ್ರದಲ್ಲಿ ಕೊರತೆಯಿದ್ದರೆ ತಿದ್ದಲು ಬಿಟ್ಟೀತು. ಹಾಕದೇ ಇರುವ ದಾವೆಗೆ ಡಿಕ್ರಿ ಕೊಡಲು ಮಾತ್ರ ಯಾವ ದಯಾಳು ನ್ಯಾಯಾಧೀಶನಿಂದಲೂ ಆಗದು. ವಕ್ರವಾದ ಗೋಡೆಯನ್ನು ನೆಟ್ಟಗೆ ಮಾಡಬಹುದು, ಇಲ್ಲದ ಗೋಡೆಯನ್ನು?

"ಸುಪ್ರೀಂ ಕೋರ್ಟು ಒಂದು ಕಾಗದವನ್ನೇ ಪಿಟಿಷನ್ನೆಂದು ತೆಗೆದುಕೊಳ್ಳುತ್ತದಂತಲ್ಲ?" ಎಂದು ಯುವಕರು ಕೇಳುತ್ತಾರೆ. ನಿಜ. ಸುನಿಲ್ ಬಾತ್ರಾ ಎಂಬ ಕೈದಿ ಬರೆದ ಕಾಗದವನ್ನು, ಹರಿಯಾಣದ ಕಲ್ಲುಗಣಿಗಳ ಜೀತದಾಳುಗಳ ಬಗ್ಗೆ ಬಂಧುವಾ ಮುಕ್ತಿ ಮೋರ್ಚಾ ಬರೆದ ಕಾಗದವನ್ನು ಆ ಕೋರ್ಟು ರಿಟ್ ಪಿಟಿಷನ್ನಾಗಿ ವಿಚಾರಿಸಿದೆ. ಅದು ಸಂವಿಧಾನದ ಮೂಲಭೂತ ಹಕ್ಕುಗಳ ದಾರಿ. ಕೈಗಡದ ಹಣಕ್ಕೆ, ಪಾಲಿನ ತಕರಾರಿಗೆ ಪುರಾಣಿ ಹವೇಲಿಯ ಸಿಟಿ ಸಿವಿಲ್ ಕೋರ್ಟಿಗೆ ಕಾರ್ಡು ಬರೆದು ಕಾಯುವವನಿಗೆ ಸಿಕ್ಕುವುದು ಕಾಯುವ ಕೆಲಸ ಮಾತ್ರ.

ಇನ್ನು, "ಕೋರ್ಟು ಉಳ್ಳವರದು, ಗೆದ್ದವ ಸೋತ, ಸೋತವ ಸತ್ತ, ನಮಗೆ ಹೋರಾಟವೇ ದಾರಿ" ಎನ್ನುವ ಸಂಗಾತಿಗಳಿಗೆ ನಮ್ಮ ಉತ್ತರ ಇಷ್ಟೆ. ಬೀದಿಯಲ್ಲಿ ಗೆದ್ದುದನ್ನು ಕಾಗದದಲ್ಲಿ ಕಳೆದುಕೊಳ್ಳುವುದು ಯಾವ ಹೋರಾಟ? ಕೋರ್ಟು ಶುಲ್ಕ ಕೊಡಲಾರದ ಬಡವನಿಗೆ ಸಂಹಿತೆಯ 33ನೆಯ ಆದೇಶವಿದೆ. ವಾದಪತ್ರದಲ್ಲಿರಬೇಕಾದ ಎಲ್ಲವನ್ನೂ ಬರೆದು, ತನ್ನ ಆಸ್ತಿಯ ಪಟ್ಟಿ ಸೇರಿಸಿ, ಶುಲ್ಕವಿಲ್ಲದೆ ದಾವೆ ಹೂಡಲು ಅನುಮತಿ ಕೊಡಿರೆಂದು ಅರ್ಜಿ ಹಾಕಬಹುದು. ಅನುಮತಿ ಸಿಕ್ಕರೆ ಆ ಅರ್ಜಿಯೇ ವಾದಪತ್ರವಾಗುತ್ತದೆ; ದಾವೆ ಹೂಡಿದ ದಿನವೆಂದು ಲೆಕ್ಕಕ್ಕೆ ಬರುವುದು ಅರ್ಜಿ ಕೊಟ್ಟ ದಿನ. ಅರ್ಜಿ ದಾವೆಯಾಗಿ ಎದ್ದು ನಿಲ್ಲುವ ಈ ಬಾಗಿಲನ್ನು ಇಟ್ಟಿರುವುದು ಬಡವನಿಗಾಗಿಯೇ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಲ್ಲಿ ಉಚಿತ ವಕೀಲರನ್ನು ಪಡೆಯುವ ಹಕ್ಕುಳ್ಳವರ ಪಟ್ಟಿಯಿದೆ. ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡದವರು, ಕಡಿಮೆ ಆದಾಯದವರ ಜೊತೆಗೆ ಕೈಗಾರಿಕಾ ಕಾರ್ಮಿಕರೂ ಅದರಲ್ಲಿದ್ದಾರೆ. ಫೋನು ಮಾಡುವುದಾದರೆ 15100.

ಸಂಬಳದ ಬಾಕಿಯ ದಾರಿ ಮಾತ್ರ ಬೇರೆಯೆಂದು ನೆನಪಿರಲಿ. 1936ರ ವೇತನ ಪಾವತಿ ಕಾಯಿದೆಯ ಕಾಲದಲ್ಲೂ ಅದಕ್ಕೆ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬೇಕಿತ್ತು, ಅವಧಿ 12 ತಿಂಗಳು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿ ಅವಧಿ ಮೂರು ವರ್ಷ. ನೋಂದಾಯಿತ ಕಾರ್ಮಿಕ ಸಂಘವೂ ತನ್ನ ಸದಸ್ಯನ ಪರವಾಗಿ ಆ ಅರ್ಜಿ ಹಾಕಬಹುದು. ಅಲ್ಲಿ ಅರ್ಜಿಯೇ ಮೂಲ ಕಾಗದ, ಅದು ತನ್ನ ಕಾಲ ಮೇಲೆ ನಿಲ್ಲುತ್ತದೆ. ಅದನ್ನು ಬಿಟ್ಟು ಸಿವಿಲ್ ದಾವೆ ಹೂಡಲು ಹೋದರೆ ಬಾಗಿಲು ಮುಚ್ಚಿರುತ್ತದೆ.

ಮಾಡಬೇಕಾದುದೇನು?

ದಲ್ಲಾಳಿಗಳಿಗೆ ಮೊದಲ ಮಾತು. ವಕೀಲರಿಗೆ ಕಕ್ಷಿಗಾರರನ್ನು ಹಿಡಿದುಕೊಟ್ಟು ಕಮಿಷನ್ ತಿನ್ನುವವರ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು 2023ರ ವಕೀಲರ ತಿದ್ದುಪಡಿ ಕಾಯಿದೆ ಹೈಕೋರ್ಟಿಗೂ ಜಿಲ್ಲಾ ನ್ಯಾಯಾಧೀಶರಿಗೂ ಕೊಟ್ಟಿದೆ. ಪಟ್ಟಿಯಲ್ಲಿರುವಾಗಲೂ ಆ ದಂಧೆ ಮಾಡಿದವನಿಗೆ ಮೂರು ತಿಂಗಳವರೆಗೆ ಜೈಲು. ನಮ್ಮ ಸದಸ್ಯರ ಬೆವರಿನ ಹಣ ತಿಂದವರು ಈ ಕಾಯಿದೆಯನ್ನು ನೆನಪಿನಲ್ಲಿಟ್ಟುಕೊಳ್ಳಲಿ.

ವಕೀಲ ಮಹಾಶಯರಲ್ಲಿ ನಾವು ಕೇಳುವುದು ಮೂರು. ಸಹಿಗೆ ಮುಂಚೆ ಕಾಗದದಲ್ಲಿರುವುದನ್ನು ಕನ್ನಡದಲ್ಲಿ ಹೇಳಿಸಿ. ಕೊಟ್ಟ ಹಣಕ್ಕೆ ರಸೀದಿ ಕೊಡಿ. ನಂಬರು ಬಿದ್ದ ದಿನವೇ ಅದನ್ನು ಬರೆದುಕೊಡಿ. ಇದು ಉಪಕಾರದ ಬೇಡಿಕೆಯಲ್ಲ, ಫೀಜು ಕೊಟ್ಟವರ ಹಕ್ಕು.

ನಮ್ಮ ಸಂಘಗಳು ಪ್ರತಿಯೊಂದು ಕೋಣೆಯಲ್ಲೂ ಒಂದು ರಿಜಿಸ್ಟರು ಇಡಬೇಕು. ಸದಸ್ಯನ ಹೆಸರು, ಮೂಲ ಪ್ರಕರಣದ ನಂಬರು, ಅದರೊಳಗಿನ ಐ.ಎ. ನಂಬರು, ಮುಂದಿನ ವಾಯಿದೆ, ಕಾಲಮಿತಿ ಮುಗಿಯುವ ದಿನ, ಇಷ್ಟು ಕಲಮು ಸಾಕು. ಈಗ ಪ್ರತಿ ಪ್ರಕರಣಕ್ಕೂ ಸಿ.ಎನ್.ಆರ್. ಎಂಬ 16 ಅಕ್ಷರ-ಅಂಕಿಗಳ ಗುರುತಿದೆ. ಅದನ್ನು ಇ-ಕೋರ್ಟ್ಸ್ ಸೇವೆಯಲ್ಲಿ ಒತ್ತಿದರೆ ಪ್ರಕರಣ ಬದುಕಿದೆಯೋ ಸತ್ತಿದೆಯೋ ಎಂಬುದು ಕೈಯಲ್ಲಿರುವ ಫೋನಿನಲ್ಲೇ ಕಾಣುತ್ತದೆ. ಒಂದೇ ವಠಾರದ ಬಹಳ ಮಂದಿಗೆ ಒಂದೇ ತಕರಾರಿದ್ದರೆ, 1ನೆಯ ಆದೇಶದ 8ನೆಯ ನಿಯಮದಂತೆ ಕೋರ್ಟಿನ ಅನುಮತಿ ಪಡೆದು ಎಲ್ಲರ ಪರವಾಗಿ ಒಬ್ಬಿಬ್ಬರು ದಾವೆ ನಡೆಸಬಹುದು. ಒಬ್ಬೊಬ್ಬನೂ ಬೇರೆಬೇರೆ ದಲ್ಲಾಳಿಯ ಜೇಬು ತುಂಬಿಸಬೇಕಾಗಿಲ್ಲ.

ಕೊನೆಯದಾಗಿ ಓದುಗ ಬಂಧುಗಳಿಗೆ. ನಿಮ್ಮ ಪೆಟ್ಟಿಗೆಯಲ್ಲಿರುವ ಕೋರ್ಟಿನ ಕಾಗದವನ್ನು ಇವತ್ತೇ ಹೊರಗೆ ತೆಗೆಯಿರಿ. ಅದರ ತಲೆಯ ಮೇಲೆ ನಂಬರು ಇದೆಯೇ ನೋಡಿ. ಓ.ಎಸ್. ಇದೆಯೋ, ಓ.ಪಿ. ಇದೆಯೋ, ಬರಿಯ ಐ.ಎ. ಇದೆಯೋ ನೋಡಿ. ‘ಇನ್’ ಎಂಬ ಮಾತಿದ್ದರೆ ಅದರ ಮುಂದಿರುವ ನಂಬರನ್ನು ಬರೆದುಕೊಳ್ಳಿ. ಯಾವ ನಂಬರೂ ಇಲ್ಲದಿದ್ದರೆ ಅದು ಇನ್ನೂ ಕೋರ್ಟಿನ ಬಾಗಿಲು ದಾಟಿಲ್ಲವೆಂದು ತಿಳಿದು, ನಾಳಿನ ಪಾಳಿಗೆ ಮುಂಚೆ ಸಂಘದ ಕೋಣೆಗೆ ತನ್ನಿ. ಮೂರು ವರ್ಷಕ್ಕೆ ಇನ್ನೆಷ್ಟು ದಿನ ಉಳಿದಿದೆಯೆಂದು ಕೂಡಿಯೇ ಎಣಿಸೋಣ.